ಆಷಾಢದಲ್ಲಿ ಸೈಕಲ್ ದೋಣಿ

ಸರ್ಕಾರದವರು ಅದಕ್ಕೆ ನಿವೃತ್ತಿ ಅನ್ನುತ್ತಾರೆ. ಕಾಮಾಕ್ಷಮ್ಮನನ್ನು ಕೇಳಿದ್ದರೆ ವರ್ಗಾವಣೆ ಅನ್ನುತ್ತಿದ್ದಳು. ಹೊಳೆನರಸೀಪುರದ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದ ಅವಳ ಗಂಡ ಪುಟ್ಟಸ್ವಾಮಿಯವರು ಯುಗಾದಿ ಕಳೆದ ಮೇಲೆ ಒಂದು ಸಂಜೆ ಶಾಲು ಹೊದ್ದುಕೊಂಡು, ಹಣ್ಣಿನ ಬುಟ್ಟಿ ಹಿಡಿದುಕೊಂಡು ಕೆಲಸದಿಂದ ಬಿಡುಗಡೆಯಾಗಿ ಬಂದರು. ಮಾರನೆಯ ಬೆಳಿಗ್ಗೆಯೇ ತಮ್ಮ ಮನೆಯ ಅಡುಗೆಮನೆಯಲ್ಲಿ ಚಾರ್ಜ್ ತೆಗೆದುಕೊಂಡರು. ಅಲ್ಲಿ ಮೂವತ್ತು ಚಿಲ್ಲರೆ ವರ್ಷದಿಂದ ಕೆಲಸ ಮಾಡಿಕೊಂಡಿದ್ದವಳನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಕಂಟ್ರೋಲರ್ ಅಂದರೆ ಬಸ್ಸು ಓಡಿಸುವವರಲ್ಲ, ಟಿಕೆಟ್ಟು ಕೊಡುವವರೂ ಅಲ್ಲ. ಯಾವ ಗಾಡಿ ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಹೊರಡಬೇಕು ಎಂದು ನೋಡಿಕೊಂಡು ಮೈಕಿನಲ್ಲಿ ಕೂಗುವವರು. ಪುಟ್ಟಸ್ವಾಮಿಯವರು ಮೈಕನ್ನು ಪ್ರಾಮಾಣಿಕವಾಗಿ ಅಲ್ಲೇ ಬಿಟ್ಟು ಬಂದಿದ್ದರು. ಕೂಗುವುದನ್ನು ಮಾತ್ರ ಮನೆಗೆ ತಂದಿದ್ದರು.

"ಎಂಟಕ್ಕೆ ಬಿಡಬೇಕಾಗಿದ್ದ ಇಡ್ಲಿ ಇನ್ನೂ ಬಿಟ್ಟಿಲ್ಲ ಕಣೆ," ಎಂದು ಒಲೆಯ ಪಕ್ಕ ಸ್ಟೂಲು ಹಾಕಿಕೊಂಡು ಕೂತು ಹೇಳುತ್ತಿದ್ದರು.

"ಇಡ್ಲಿಗೆ ಡ್ರೈವರ್ ಬಂದಿಲ್ಲ, ವಸಿ ತಡೀರಿ," ಎಂದು ಕಾಮಾಕ್ಷಮ್ಮ ಹೇಳಿದರೆ ಅವರು ನಗುತ್ತಿರಲಿಲ್ಲ. ತಡವಾದದ್ದಕ್ಕೆ ಕಾರಣ ಕೇಳುತ್ತಿದ್ದರು. ಸಾರಿಗೆ ಒಗ್ಗರಣೆ ಬೇಗ ಬಿದ್ದರೆ, ಟೈಮಿಗಿಂತ ಮುಂಚೆ ಗಾಡಿ ತೆಗೆಯುವುದು ಇನ್ನೂ ದೊಡ್ಡ ತಪ್ಪು ಅನ್ನುತ್ತಿದ್ದರು. ಮಧ್ಯಾಹ್ನ ಅವಳು ಗೋಡೆಗೊರಗಿ ಒಂದು ಗಳಿಗೆ ಕಣ್ಣು ಮುಚ್ಚಿದರೆ, "ಈ ಟೈಮ್ನಾಗೆ ದಿನಾ ಇಂಗೇ ಖಾಲಿ ನಿಂತಿರ್ತಿದ್ಯಾ?" ಎಂದು ಆಶ್ಚರ್ಯಪಡುತ್ತಿದ್ದರು. ಆ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಒಳ್ಳೆಯ ಮನುಷ್ಯ. ಕುಡಿತವಿಲ್ಲ, ಕೂಗಾಟವೆಂದರೆ ವೇಳಾಪಟ್ಟಿಯ ಕೂಗಾಟ ಅಷ್ಟೆ. ಆದರೆ ಒಳ್ಳೆಯ ಮನುಷ್ಯ ದಿನವಿಡೀ ಅಡುಗೆಮನೆಯಲ್ಲಿ ಸ್ಟೂಲು ಹಾಕಿಕೊಂಡು ಕೂತರೆ ಅವನನ್ನು ಬೈಯುವುದಕ್ಕೂ ಆಗುವುದಿಲ್ಲ, ಸಹಿಸುವುದಕ್ಕೂ ಆಗುವುದಿಲ್ಲ.

ಒಮ್ಮೆ ಉಪಾಯ ಮಾಡಿ ಅವರನ್ನು ಚನ್ನರಾಯಪಟ್ಟಣದ ಮಗಳ ಮನೆಗೆ ಕಳಿಸಿ ನೋಡಿದಳು. ವಾರ ತುಂಬುವ ಮೊದಲೇ ಮಗಳು ಸಿಂಧು ಫೋನು ಮಾಡಿದಳು. "ಅಮ್ಮಾ, ಅಪ್ಪನ್ನ ಬಸ್ ಅತ್ತಿಸಿದೀನಿ. ನಮ್ಮತ್ತೆ ಸಾರಿಗೆ ಉಪ್ಪು ಯಾವಾಗ ಆಕ್ತಾರೆ, ಯಾಕೆ ಅವಾಗ್ಲೇ ಆಕ್ತಾರೆ ಅಂತ ಇಚಾರಣೆ ಮಾಡವ್ರೆ. ನಂಗೆ ಈ ಮನೇಲಿ ಬಾಳೋದೈತೆ ಕಣಮ್ಮ."

ಕಾಮಾಕ್ಷಮ್ಮನಿಗೆ ಬೇಕಾಗಿದ್ದದ್ದು ಬಂಗಾರವಲ್ಲ, ಕಾಶಿ ಯಾತ್ರೆಯಲ್ಲ. ಹೊತ್ತೇರಿದ ಮೇಲಿಂದ ಸಂಜೆಯವರೆಗೆ ತನ್ನ ಮನೆ ಮೊದಲಿನಂತೆ ತನ್ನದಾಗಿರಬೇಕು. ಬೇಕೆನಿಸಿದಾಗ ಕಾಫಿ ಕಾಯಿಸಿಕೊಳ್ಳಬೇಕು, ಬೇಡವೆನಿಸಿದ ದಿನ ರಾತ್ರಿಯ ತಂಗಳನ್ನೇ ಉಂಡು ಮಲಗಬೇಕು, ಯಾರೂ ಗಡಿಯಾರ ನೋಡಬಾರದು. ಇಷ್ಟಕ್ಕೆ ಅವಳು ಧರ್ಮಸ್ಥಳದ ಮಂಜುನಾಥನಿಗೆ ಹರಕೆ ಹೊತ್ತದ್ದುಂಟು. ದೇವರ ಮುಂದೆ ಗಂಡನನ್ನು ಮನೆಯಿಂದ ಹೊರಗೆ ಹಾಕು ಎಂದು ಹೇಗೆ ಕೇಳುವುದು ಎಂದು ಸಂಕೋಚವಾಗಿ, ಅವರಿಗೊಂದು ಒಳ್ಳೇ ಅಭ್ಯಾಸ ಕೊಡು ಎಂದು ಕೇಳಿದ್ದಳು.

ಮಂಜುನಾಥ ಮೊಬೈಲಿನ ಮೂಲಕ ಕೃಪೆ ತೋರಿದ. ಯಾವುದೋ ದೇಶದ ಗಡ್ಡದವನೊಬ್ಬ ಕಿತ್ತಳೆ ಬಣ್ಣದ ಉದ್ದನೆಯ ಪ್ಲಾಸ್ಟಿಕ್ ದೋಣಿಯಲ್ಲಿ ಒಬ್ಬನೇ ಕೂತು, ಸೈಕಲ್ಲಿನಂತೆ ಪೆಡಲ್ ತುಳಿಯುತ್ತಾ ಮೀನು ಹಿಡಿಯುವ ವಿಡಿಯೊ ಪುಟ್ಟಸ್ವಾಮಿಯವರಿಗೆ ಸಿಕ್ಕಿತು. ಅದಕ್ಕೆ ಕಯಾಕ್ ಅನ್ನುತ್ತಾರಂತೆ. ಹುಟ್ಟು ಹಾಕುವ ಕೆಲಸವಿಲ್ಲ. ಕಾಲು ತುಳಿದರೆ ದೋಣಿಯ ಅಡಿಯಲ್ಲಿ ಒಂದು ಸಣ್ಣ ಫ್ಯಾನು ತಿರುಗಿ ಮುಂದೆ ತಳ್ಳುತ್ತದೆ, ಎರಡು ಕೈಯೂ ಗಾಳಕ್ಕೆ ಬಿಡುವಾಗಿರುತ್ತದೆ. ಅವರು ಒಂದು ವಾರ ಅದನ್ನೇ ನೋಡಿದರು. ಎರಡನೆಯ ವಾರ ಹೆಂಡತಿಯ ಮುಂದೆ ಪ್ರಸ್ತಾಪ ಇಟ್ಟರು. ಅವಳು ಬೇಡವೆಂದರೆ ಏನೇನು ಹೇಳಬೇಕು ಎಂದು ಮೊದಲೇ ತಯಾರಾಗಿ ಬಂದಿದ್ದರು.

ಕಾಮಾಕ್ಷಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಮೀನು ಹಿಡಿಯಬೇಕಾದರೆ ಗೊರೂರಿನ ಹಿನ್ನೀರಿಗೇ ಹೋಗಬೇಕು. ಹೋಗುವುದಕ್ಕೊಂದು ಬಸ್ಸು, ಬರುವುದಕ್ಕೊಂದು ಬಸ್ಸು, ನಡುವೆ ಮೀನು ಗಾಳಕ್ಕೆ ಬೀಳುವವರೆಗೆ ಕಾಯುವುದು. ಮೀನಿಗೆ ಟೈಮ್ ಟೇಬಲ್ ಇಲ್ಲ, ದೇವರು ದೊಡ್ಡವನು.

"ತರಿಸ್ಕಳಿ. ನಿಮ್ಗೂ ಮೈ ಸಡ್ಲ ಆಯ್ತದೆ," ಅಂದಳು.

ತಯಾರು ಮಾಡಿಕೊಂಡು ಬಂದ ವಾದವೆಲ್ಲ ದಂಡವಾಗಿ ಪುಟ್ಟಸ್ವಾಮಿಯವರಿಗೆ ಸ್ವಲ್ಪ ಬೇಸರವೇ ಆಯಿತು.

ದೋಣಿ ಬಂದದ್ದು ಆಷಾಢ ಹುಟ್ಟಿದ ಮಾರನೆಯ ದಿನ. ಪುಟ್ಟಸ್ವಾಮಿಯವರು ಆಗ ಪೇಟೆಗೆ ಹೋಗಿದ್ದರು. ಅರಕಲಗೂಡಿನ ಕಡೆಯಿಂದ ಕಾಮಾಕ್ಷಮ್ಮನ ತಮ್ಮ ಕಾಂತರಾಜು ತನ್ನ ಲಗೇಜ್ ಆಟೊದಲ್ಲಿ ಅಕ್ಕನಿಗೆ ಒಂದು ಚೀಲ ಆಲೂಗಡ್ಡೆ ಹಾಕಿಕೊಂಡು ಬಂದಿದ್ದವನು, ತಾನೇ ಸಹಿ ಮಾಡಿ ಪಾರ್ಸೆಲ್ ಇಳಿಸಿಕೊಂಡ. ರಟ್ಟು ಬಿಚ್ಚಿ ಹಾಲಿನಲ್ಲಿ ಇಟ್ಟರೆ ದೋಣಿಯ ಹಿಂಭಾಗ ಬೀದಿ ಬಾಗಿಲಿಗೆ ತಾಗಿತು, ಮೂತಿ ಅಡುಗೆಮನೆಯ ಹೊಸ್ತಿಲು ದಾಟಿ ಒಳಗೆ ಇಣುಕಿತು. ಇದೂ ಅಲ್ಲಿಗೇ ಬಂತಲ್ಲ ಎಂದು ಕಾಮಾಕ್ಷಮ್ಮನಿಗೆ ರೇಗಿತು.

ಪುಟ್ಟಸ್ವಾಮಿಯವರು ಬಂದು ದೋಣಿಯನ್ನು ಒಂದು ಸುತ್ತು ಹಾಕಿ, ಕ್ಯಾಲೆಂಡರಿನ ಕಡೆ ನೋಡಿ, ನಿಟ್ಟುಸಿರು ಬಿಟ್ಟರು. "ಆಷಾಢ ಬಂದ್ಬುಡ್ತಲ್ಲೇ. ಓಸ ಗಾಡಿ ಮುಟ್ಟಂಗಿಲ್ಲ. ಶ್ರಾವಣಕ್ಕೇ ಇನ್ನು."

ಕಾಮಾಕ್ಷಮ್ಮ ಕ್ಯಾಲೆಂಡರಿನ ಹಾಳೆ ಮಗುಚಿ ನೋಡಿದಳು. ಇನ್ನೊಂದು ತಿಂಗಳು! ಸ್ಟೂಲಿನ ಮೇಲೆ ಗಂಡ, ಹೊಸ್ತಿಲ ಮೇಲೆ ದೋಣಿ. ಆಷಾಢದಲ್ಲಿ ಹೊಸ ಸೊಸೆಯನ್ನು ತವರಿಗೆ ಕಳಿಸುತ್ತಾರೆ. ಹಳೆಯ ಹೆಂಡತಿಯನ್ನು ಎಲ್ಲಿಗಾದರೂ ಕಳಿಸಬೇಕೆಂದು ಶಾಸ್ತ್ರ ಬರೆದವರಿಗೆ ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ನಿಜವಾಗಿಯೂ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಬುದ್ಧಿ ಓಡಿತು.

"ಓಸದು ಅಂತ ಯಾರಂದ್ರು? ಸಹಿ ಆಕಿದ್ದು ಕಾಂತರಾಜು. ಗಾಡಿ ಅವನ್ದು," ಅಂದಳು.

"ನಂದಾ?" ಅಂದ ಕಾಂತರಾಜು. ಅಕ್ಕನ ಕಣ್ಣು ನೋಡಿ, "ಊಂ, ನಂದೇ," ಎಂದು ತಿದ್ದಿಕೊಂಡ.

"ನೋಡ್ತಾ ನಿಂತ್ಕತೀಯಲ್ಲೋ, ಕೂತ್ಕಳ್ಲಾ ಅದ್ರೊಳಗೆ."

ಕಾಂತರಾಜು ದೋಣಿಯೊಳಗೆ ಕೂತ. ಕಾಮಾಕ್ಷಮ್ಮ ಅಲ್ಲಿಗೇ ತಟ್ಟೆ ತಂದುಕೊಟ್ಟಳು. ಅವನು ಉಪ್ಪಿಟ್ಟು ತಿಂದ, ಕಾಫಿ ಕುಡಿದ, ಎರಡು ಸುತ್ತು ಪೆಡಲ್ ತುಳಿದ. ಬೆಳಗಿನ ಜಾವ ಎದ್ದು ಬಂದಿದ್ದವನಾದ್ದರಿಂದ ಸೀಟಿಗೆ ಬೆನ್ನು ಆನಿಸಿಕೊಂಡು ಅಲ್ಲೇ ಗೊರಕೆ ಹೊಡೆದ. ಎದ್ದವನನ್ನು ಕಾಮಾಕ್ಷಮ್ಮ ಗಂಡನ ಮುಂದೆ ನಿಲ್ಲಿಸಿದಳು.

"ಅವ್ನು ಉಂಡವ್ನೆ, ಒಂದು ನಿದ್ದೆನೂ ತೆಗ್ದವ್ನೆ. ಇನ್ನೆಲ್ಲಿ ಓಸದು? ನಿಮ್ಮ ಡಿಪೋಗೆ ಬ್ಯಾರೆ ಡಿಪೋದಿಂದ ಅಳೇ ಬಸ್ಸು ಬಂದ್ರೆ ಆಷಾಢ ನೋಡ್ತಿದ್ರಾ?"

ಪುಟ್ಟಸ್ವಾಮಿಯವರು ಯೋಚಿಸಿದರು. ಆಷಾಢವನ್ನು ಮೀರುವ ಧೈರ್ಯ ಅವರಿಗಿರಲಿಲ್ಲ, ಆದರೆ ಡಿಪೋದ ಪದ್ಧತಿಯನ್ನು ಅಲ್ಲಗಳೆಯುವ ಧೈರ್ಯ ಅದಕ್ಕಿಂತಲೂ ಕಡಿಮೆಯಿತ್ತು. "ಟ್ರಾನ್ಸ್‌ಫರ್ ಗಾಡಿ ಅಂದ್ರೆ ದೋಷ ಇಲ್ಲ," ಎಂದು ಒಪ್ಪಿಕೊಂಡರು. ಒಪ್ಪಿಕೊಂಡದ್ದೇ ತಡ, ಅವರೊಳಗಿನ ಕಂಟ್ರೋಲರ್ ಎದ್ದು ಕೂತ. ಗಾಡಿ ರಸ್ತೆಗೆ ಇಳಿಯಲು ಯೋಗ್ಯವೇ ಎಂದು ಪರೀಕ್ಷೆ ಮಾಡಿಸುವುದಕ್ಕೆ ಬಸ್ಸಿನವರು ಎಫ್‌ಸಿ ಅನ್ನುತ್ತಾರೆ. "ಎಫ್‌ಸಿ ಆಗ್ದೆ ರೂಟಿಗೆ ಬಿಡಕ್ಕಾಗಲ್ಲ. ತಣ್ಣಗಿರೋ ನೀರ್ನಾಗೆ ಎಮ್ಮೆನೂ ತೇಲ್ತದೆ. ಗಾಳಿ ಬೀಸೋ ದಿನ, ಅಲೆ ಎದ್ದಿರೋ ಕಡೆ ಬಿಟ್ಟು ನೋಡ್ಬೇಕು. ಅದ್ರಲ್ಲಿ ಪಾಸಾದ್ರೆ ದಿನಾ ಓಯ್ತೀನಿ, ಇಲ್ದಿದ್ರೆ ಇಲ್ಲ," ಎಂದು ಷರತ್ತು ಹಾಕಿದರು.

ದಿನಾ ಎಂಬ ಮಾತು ಕಾಮಾಕ್ಷಮ್ಮನ ಕಿವಿಗೆ ಜೇನು ಸುರಿದಂತೆ ಬಿತ್ತು. ಪಾಸು ಮಾಡಿಸಿಯೇ ಬರುವುದೆಂದು ತಾನೂ ಹೊರಟಳು.

ಬುಧವಾರ ಲಗೇಜ್ ಆಟೊದ ಮೇಲೆ ದೋಣಿ ಕಟ್ಟಿಕೊಂಡು ಮೂವರೂ ಅರಕಲಗೂಡಿನ ಮೇಲೆ ಗೊರೂರು ದಾಟಿ ಹಿನ್ನೀರಿನ ಕಡೆ ಇಳಿದರು. ಆಷಾಢದ ಗಾಳಿ ಯಾರ ಮಾತೂ ಕೇಳುವುದಿಲ್ಲ. ಆಟೊ ನಿಲ್ಲಿಸಿ ಇಳಿಯುತ್ತಿದ್ದಂತೆ ಪುಟ್ಟಸ್ವಾಮಿಯವರ ಟೋಪಿ ಹಾರಿ ಯಾರದೋ ಶುಂಠಿ ಹೊಲಕ್ಕೆ ಹೋಯಿತು. ನೀರು ಕೆಂಪಗೆ ಕದಡಿ, ಸಾಲುಸಾಲಾಗಿ ಅಲೆಯೆದ್ದು ದಡಕ್ಕೆ ಬಡಿಯುತ್ತಿತ್ತು. ದಡದಲ್ಲಿ ಕಾಂತರಾಜುವಿನ ಪರಿಚಯದ ದ್ಯಾವಯ್ಯ ತನ್ನ ದುಂಡು ತೆಪ್ಪವನ್ನು ಬೋರಲು ಹಾಕಿ ಅದರ ಮರೆಯಲ್ಲಿ ಬಲೆ ಹೊಲಿಯುತ್ತಾ ಕೂತಿದ್ದ. ಆ ನೀರಿನಲ್ಲಿ ಮೀನು ಹಿಡಿದು ಮಾರುವುದೇ ಅವನ ಬದುಕು.

"ಇವತ್ತು ನಾನೇ ಇಳ್ದಿಲ್ಲ ಸಾ," ಅಂದ.

"ಅದ್ಕೇ ನಾವು ಬಂದಿರಾದು ದ್ಯಾವಣ್ಣ," ಎಂದರು ಪುಟ್ಟಸ್ವಾಮಿಯವರು ಗತ್ತಿನಿಂದ.

ದ್ಯಾವಯ್ಯ ಬಲೆ ಕೆಳಗಿಟ್ಟು ಮೊಬೈಲು ತೆಗೆದು ವಿಡಿಯೊ ಹಿಡಿಯಲು ಶುರು ಮಾಡಿದ. ಇಂಥದ್ದು ದಿನಾ ನೋಡಲು ಸಿಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಹಳೆಯ ಗಾಡಿ ಎಂದು ತೀರ್ಮಾನವಾಗಿದ್ದರೂ ಪೂಜೆ ಬಿಡಲಾಗುತ್ತದೆಯೇ? ಪುಟ್ಟಸ್ವಾಮಿಯವರು ಬೆಳಿಗ್ಗೆಯೇ ಹೂ ಮಾರುವವಳ ಹತ್ತಿರ ದಪ್ಪನೆಯ ಚೆಂಡುಹೂವಿನ ಹಾರ ಕಟ್ಟಿಸಿದ್ದರು, ಪ್ಲಾಸ್ಟಿಕ್ ದಾರದಲ್ಲಿ. ಆಯುಧಪೂಜೆಯ ದಿನ ಬಸ್ಸಿನ ಮೂತಿಗೆ ಹಾಕುವಂಥದ್ದು. ದೋಣಿಯ ಮೂತಿಗೆ ಅದನ್ನು ಕಟ್ಟಿ, ಕುಂಕುಮವಿಟ್ಟು, ಬಾಳೆಹಣ್ಣಿನ ಚಿಪ್ಪನ್ನು ಸೀಟಿನ ಹಿಂದಿನ ಬುಟ್ಟಿಯಲ್ಲಿಟ್ಟು, ಕಾಯಿ ಒಡೆದರು. ನಿಂಬೆಹಣ್ಣಿನ ಹತ್ತಿರ ಬಂದಾಗ ಎಲ್ಲರೂ ನಿಂತರು. ದೋಣಿಗೆ ಚಕ್ರವೆಲ್ಲಿ? ಕಾಂತರಾಜು ಮೂತಿಯ ಕೆಳಗೇ ಇಟ್ಟು ತಳ್ಳೋಣ ಎಂದ. ತಳ್ಳಿದರು. ಹಣ್ಣು ಏನೂ ಆಗದೆ ಕೆಸರಿನಲ್ಲಿ ಹೂತುಕೊಂಡಿತು. "ಒಡೀಲಿಲ್ವಲ್ಲ ಭಾವ," ಎಂದ ಕಾಂತರಾಜು. "ಟ್ರಾನ್ಸ್‌ಫರ್ ಗಾಡಿಗೆ ಅಷ್ಟು ಸಾಕು," ಎಂದರು ಭಾವ.

ಲೈಫ್ ಜಾಕೆಟ್ ತೊಟ್ಟು, ಗಾಳದ ಕೋಲು ಸಿಕ್ಕಿಸಿಕೊಂಡು ಪುಟ್ಟಸ್ವಾಮಿಯವರು ಕೂತರು. ಕಾಂತರಾಜು ನೀರಿಗೆ ನೂಕಿದ. ಅವರು ತುಳಿದರು. ದೋಣಿ ಸರಸರ ಹೊರಟಿತು. ಕಾಮಾಕ್ಷಮ್ಮನ ಮನಸ್ಸು ಆಗಲೇ ಹೊಳೆನರಸೀಪುರದ ಮನೆ ಸೇರಿ, ಬಾಗಿಲು ಹಾಕಿಕೊಂಡು, ನೆಲದ ಮೇಲೆ ಕಾಲು ನೀಡಿ ಕೂತಿತ್ತು.

ಆ ಸುಖ ಹೆಚ್ಚು ಹೊತ್ತು ಇರಲಿಲ್ಲ. ನೀರಿನಲ್ಲಿ ನೆನೆದ ಹಾರ ಮೂತಿಯಿಂದ ಜಾರಿ ದೋಣಿಯ ಅಡಿಗೆ ಹೋಯಿತು. ಅಡಿಯಲ್ಲಿ ತಿರುಗುತ್ತಿದ್ದ ಫ್ಯಾನು ಅದನ್ನು ಭಕ್ತಿಯಿಂದ ಸುತ್ತಿಕೊಂಡಿತು. ಪೆಡಲ್ ಗಕ್ಕನೆ ನಿಂತಿತು. ನಿಂತ ದೋಣಿಯನ್ನು ಗಾಳಿ ಅಡ್ಡಡ್ಡ ತಿರುಗಿಸಿತು. ಒಂದು ಅಲೆ ಬಂದು ಕಂಟ್ರೋಲರ್ ಸಾಹೇಬರ ಮಡಿಲಿಗೆ ಬಿತ್ತು, ಅದರ ಹಿಂದೆಯೇ ಇನ್ನೊಂದು.

"ಕಾಮಾಕ್ಷೀ! ನಿಂತೋಯ್ತು ಕಣೇ! ಓಯ್ತಾ ಇದೀನಿ ಕಣೇ!"

ಮೂವತ್ತು ವರ್ಷ ಮೈಕಿನಲ್ಲಿ ಪಳಗಿದ ಗಂಟಲು. ಆಚೆ ದಡದವರಿಗೂ ಕೇಳಿಸಿರಬೇಕು. ಕಾಮಾಕ್ಷಮ್ಮನ ಜೀವ ಬಾಯಿಗೆ ಬಂತು. ಮನೆ ಬೇಕು ಅಂದಿದ್ದೆ, ಇಂಗೆ ಕೊಡು ಅಂದಿರಲಿಲ್ಲ ಸ್ವಾಮಿ ಎಂದು ಮಂಜುನಾಥನಿಗೆ ಕೈ ಮುಗಿದು, ಸೀರೆ ನೆನೆಯುವುದನ್ನೂ ನೋಡದೆ ನೀರಿಗೆ ಓಡಿದಳು.

ಗಾಳಿ ದೋಣಿಯನ್ನು ದಡದ ಉದ್ದಕ್ಕೂ ಕೊಚ್ಚಿಕೊಂಡು ಹೋಗಿ, ಎಮ್ಮೆಗಳು ನಿಂತಿದ್ದ ಕಡೆ ತಂದು ನಿಲ್ಲಿಸಿತು. ಪುಟ್ಟಸ್ವಾಮಿಯವರು ಎರಡೂ ಅಂಚು ಹಿಡಿದುಕೊಂಡು, ಕಣ್ಣು ಮುಚ್ಚಿ, ಕುಲದೇವರ ಹೆಸರು ಕೂಗುತ್ತಿದ್ದರು. ದ್ಯಾವಯ್ಯ ಒಂದು ಕೈಯಲ್ಲಿ ಮೊಬೈಲು ಹಿಡಿದುಕೊಂಡೇ ನಡೆದುಹೋಗಿ ಇನ್ನೊಂದು ಕೈಯಲ್ಲಿ ದೋಣಿ ಎಳೆದುಕೊಂಡು ಬಂದ. ನೀರು ಅವನ ಸೊಂಟಕ್ಕೆ ಬರುತ್ತಿತ್ತು.

ದಡ ಹತ್ತಿದ ಪುಟ್ಟಸ್ವಾಮಿಯವರ ಹಲ್ಲು ಕಟಕಟ ಅನ್ನುತ್ತಿದ್ದವು. ಕಾಮಾಕ್ಷಮ್ಮ ಸೆರಗಿನಿಂದ ತಲೆ ಒರೆಸಿದಳು. ಜೀವ ಬಂದಂತೆ ಆದಮೇಲೆ ಅವರ ಮೊದಲ ಮಾತು, "ಫೇಲು."

"ಆರ ಸಿಕ್ಕಾಕಂಡ್ರೆ ದೋಣಿ ಏನ್ ಮಾಡ್ತದೆ?"

"ಫೇಲು ಅಂದ್ರೆ ಫೇಲು ಕಣೆ. ಕಾಂತರಾಜು, ಕಟ್ಟಪ್ಪ ಇದ್ನ, ಬಂದ ಕಡೀಕೇ ವಾಪಸ್ ಕಳಿಸ್ಬುಡಣ. ನಂಗೆ ಈ ನೀರಿನ ಸವಾಸ ಬ್ಯಾಡ. ನಾಳೆಯಿಂದ ಮನೇಲೇ ಇರ್ತೀನಿ. ಅಡ್ಗೆ ಮನೆ ಒಂದ್ನ ಸರಿ ಮಾಡಿದ್ರೆ ಅದೇ ಸಾಕು. ಅಟ್ಟದ್ ಮ್ಯಾಲಿನ ಡಬ್ಬನೆಲ್ಲ ಇಳಿಸಿ, ರೂಟ್ ಪ್ರಕಾರ ಜೋಡಿಸ್ಬೇಕು ಅಂತ ಬಾಳ ದಿನದಿಂದ ಅಂದ್ಕಂಡಿದೀನಿ."

ಡಬ್ಬ ಅನ್ನುವ ಮಾತು ಬಂದಾಗ ಕಾಮಾಕ್ಷಮ್ಮನಿಗೆ ಕಣ್ಣು ಕತ್ತಲಿಟ್ಟಂತಾಯಿತು. ಉಳಿದಿದ್ದದ್ದು ಅದೊಂದೇ, ಆ ಅಟ್ಟ. ಅವಳು ದ್ಯಾವಯ್ಯನ ಕಡೆ ತಿರುಗಿ ಫ್ಯಾನಿಗೆ ಸುತ್ತಿದ್ದ ದಾರ ಕತ್ತರಿಸಲು ಹೇಳಿದಳು. ಗಂಡನ ಮೈಮೇಲಿಂದ ಲೈಫ್ ಜಾಕೆಟ್ ಬಿಚ್ಚಿ ತಾನು ತೊಟ್ಟಳು. ಸೆರಗು ಸುತ್ತಿ ಸೊಂಟಕ್ಕೆ ಸಿಕ್ಕಿಸಿ, ನಿರಿಗೆ ಎತ್ತಿ ಕಟ್ಟಿದಳು.

"ಎಲ್ಲಿಗೇ?" ಎಂದರು ಪುಟ್ಟಸ್ವಾಮಿಯವರು ಗಾಬರಿಯಿಂದ.

"ಒಂದು ಕಿತ ನಾನು ಓಗಿ ಬತ್ತೀನಿ. ದೋಣಿದು ತಪ್ಪೋ ಆರದ್ದು ತಪ್ಪೋ ಗೊತ್ತಾಗ್ಲಿ."

"ಅಕ್ಕಾ, ಬ್ಯಾಡ ಕಣಕ್ಕ," ಎಂದ ಕಾಂತರಾಜು. ಹೇಳಿದವನೇ ನೂಕಿದ. ಅಕ್ಕ ಹೇಳಿದ ಮೇಲೆ ಬೇಡ ಅನ್ನುವುದೂ ಮಾಡುವುದೂ ಒಟ್ಟೊಟ್ಟಿಗೇ ಅವನಿಗೆ ಅಭ್ಯಾಸ.

ಅವಳು ಧೈರ್ಯವಂತೆಯೆಂದು ಯಾರೂ ತಿಳಿಯಬೇಡಿ. ಹುಡುಗಿಯಾಗಿದ್ದಾಗ ತವರಿನ ಬಾವಿಯಲ್ಲಿ ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಂಡು ಈಜಿದ್ದು ಬಿಟ್ಟರೆ ನೀರಿನ ಸಂಬಂಧ ಪಾತ್ರೆ ತೊಳೆಯುವುದಕ್ಕಷ್ಟೇ ಉಳಿದಿತ್ತು. ಆದರೆ ಪೆಡಲಿನ ಮೇಲೆ ಕಾಲಿಟ್ಟಾಗ ಕಾಲಿಗೆ ಗುರುತು ಸಿಕ್ಕಿತು. ಊರಿನ ಅರ್ಧ ಹೆಂಗಸರ ರವಿಕೆಗಳನ್ನು ಹೊಲಿಗೆ ಮಿಷನ್ ತುಳಿದು ಹೊಲಿದುಕೊಟ್ಟ ಕಾಲುಗಳು ಅವು. ಒಂದೇ ಹದದಲ್ಲಿ, ನಿಲ್ಲದೆ, ಬಿಗಿಯದೆ ತುಳಿಯುವುದು ಹೇಗೆಂದು ಅವಕ್ಕೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ದ್ಯಾವಯ್ಯ ಕಾವಲಿಗೆಂದು ತೆಪ್ಪ ನೀರಿಗಿಳಿಸಿ ಹಿಂದೆ ಬಂದ. ಗಾಳಿಗೆ ತೆಪ್ಪ ಬುಗುರಿಯಂತೆ ಸುತ್ತತೊಡಗಿ, ಅವನು ಮುಂದೆ ಬರುವ ಬದಲು ಹೊರಟ ಕಡೆಗೇ ಹಿಂದಿರುಗಿದ. ಕಾಮಾಕ್ಷಮ್ಮ ಒಬ್ಬಳೇ ಆದಳು.

ದಡದ ಮೂಲೆ ದಾಟಿದ ಮೇಲೆ ನಿಜವಾದ ಅಲೆಗಳು ಸಿಕ್ಕಿದವು. ಮೊದಲನೆಯದು ಮೂತಿಯನ್ನು ಎತ್ತಿ ಕೆಳಗೆ ಹಾಕಿದಾಗ ಅವಳು ಅವ್ವಾ ಎಂದು ಕೂಗಿಕೊಂಡಳು. ಕೂಗಿದರೂ ಕಾಲು ನಿಲ್ಲಿಸಲಿಲ್ಲ. ಎರಡನೆಯದು ಮುಖಕ್ಕೆ ಚೆಲ್ಲಿತು. ಮೂರನೆಯದು ಬರುವಾಗ ಎಡಗೈಯ ಹತ್ತಿರವಿದ್ದ ಚುಕ್ಕಾಣಿಯ ಹಿಡಿ ತಿರುಗಿಸಿ ಮೂತಿಯನ್ನು ಅದರ ಕಡೆಗೇ ಕೊಟ್ಟಳು. ದೋಣಿ ಹತ್ತಿತು, ಇಳಿಯಿತು. ಒಮ್ಮೆ ಸ್ವಲ್ಪ ಓರೆಯಾಯಿತು. ಇಡೀ ದೋಣಿ ಪಕ್ಕಕ್ಕೆ ವಾಲಿ ನೀರು ತೊಡೆಯವರೆಗೂ ಬಂತು. ಇನ್ನೇನು ಮುಗಿಯಿತು, ಸಿಂಧುವಿಗೆ ಒಂದು ಮಾತು ಹೇಳಲೂ ಆಗಲಿಲ್ಲ ಅಂದುಕೊಂಡಳು. ದೋಣಿ ತನ್ನಷ್ಟಕ್ಕೆ ನೆಟ್ಟಗಾಯಿತು, ಸೀಟಿನ ಕೆಳಗೆ ಅದಕ್ಕೆಂದೇ ಬಿಟ್ಟಿದ್ದ ತೂತುಗಳಿಂದ ನೀರು ಸುರಿದುಹೋಯಿತು. ಅವಳಿಗೆ ನಗು ಬಂತು. ಹೆದರಿಕೆಯೂ ನಗುವೂ ಸೇರಿ ಜೋರಾಗಿ ಬಂತು, ಕೇಳುವವರು ಯಾರೂ ಇರಲಿಲ್ಲವಾದ್ದರಿಂದ ತಡೆಯಲಿಲ್ಲ.

ನೀರಿನ ನಡುವೆ ಒಂದು ದಿಬ್ಬ ತಲೆ ಎತ್ತಿತ್ತು. ಅದರ ಮರೆಗೆ ಹೋದಾಗ ಗಾಳಿ ನಿಂತಿತು. ಕಾಮಾಕ್ಷಮ್ಮ ಕಾಲು ನಿಲ್ಲಿಸಿದಳು. ದೋಣಿ ಮೆಲ್ಲಗೆ ತೂಗುತ್ತಾ ಅಲ್ಲೇ ನಿಂತಿತು. ದಡದಲ್ಲಿ ಗಂಡ ಕೈ ಬೀಸುತ್ತಿರುವುದು ಇಷ್ಟೇ ಇಷ್ಟು ಕಾಣುತ್ತಿತ್ತು, ಆ ಗಂಟಲು ಮಾತ್ರ ಇಲ್ಲಿಗೆ ಮುಟ್ಟುತ್ತಿರಲಿಲ್ಲ.

ಅವಳು ಸುಮ್ಮನೆ ಕೂತಳು. ಸುಮ್ಮನೆ ಕೂರುವುದು ಹೀಗಿರುತ್ತದೆಂದು ಅವಳಿಗೆ ತಿಳಿದಿರಲಿಲ್ಲ. ಗಂಡ ಕೆಲಸಕ್ಕೆ ಹೋಗುತ್ತಿದ್ದ ಕಾಲದಲ್ಲಿ ಮನೆಯಲ್ಲಿ ಒಬ್ಬಳೇ ಇರುತ್ತಿದ್ದಳು, ನಿಜ. ಆದರೆ ಮನೆ ಖಾಲಿಯಾಗಿದ್ದರೂ ಮನೆ ತುಂಬ ಕೆಲಸ ಕೂತಿರುತ್ತಿತ್ತು. ಕಣ್ಣು ಬಿದ್ದ ಕಡೆಯೆಲ್ಲ ಒಗೆಯುವುದು, ಒರೆಸುವುದು, ನೆನೆಹಾಕುವುದು. ಇಲ್ಲಿ ಕಣ್ಣು ಬಿದ್ದ ಕಡೆಯೆಲ್ಲ ನೀರು. ನೀರನ್ನು ಯಾರೂ ಒರೆಸಬೇಕಾಗಿಲ್ಲ. ಹಸಿವಾಯಿತು. ಹಿಂದಿನ ಬುಟ್ಟಿಗೆ ಕೈ ಹಾಕಿದರೆ ಪೂಜೆಯ ಬಾಳೆಹಣ್ಣು ಸಿಕ್ಕಿತು. ಸುಲಿದು ಅಭ್ಯಾಸದಂತೆ ಅರ್ಧ ಮುರಿಯಹೋದಳು. ಯಾರಿಗೆ ಕೊಡುವುದು? ದೋಣಿಯಲ್ಲಿದ್ದದ್ದು ಒಂದೇ ಸೀಟು. ಅವ್ವ, ತಮ್ಮ, ಗಂಡ, ಮಗಳು, ಮೊಮ್ಮಗ ಎಂದು ಅರುವತ್ತು ಹತ್ತಿರವಾಗುವವರೆಗೆ ಪಾಲು ಮಾಡಿಕೊಂಡೇ ಬಂದವಳು ಅವತ್ತು ಇಡೀ ಹಣ್ಣನ್ನು ತಾನೊಬ್ಬಳೇ ತಿಂದಳು. ತಿನ್ನುವಾಗ ಕಣ್ಣಲ್ಲಿ ನೀರು ಬಂತು. ದುಃಖದ ನೀರಲ್ಲ, ಎಷ್ಟು ರುಚಿಯಾಗಿತ್ತು ಎಂದು ಬಂದದ್ದು. ಇನ್ನೊಂದನ್ನೂ ಸುಲಿದಳು.

ತಾನು ಬಯಸಿದ್ದು ಮನೆಯನ್ನಲ್ಲ ಎಂದು ಅವಳಿಗೆ ಆಗ ಅನ್ನಿಸಿತು. ಮನೆ ಬೇಕಾದರೆ ಅವರೇ ಇಟ್ಟುಕೊಳ್ಳಲಿ.

ದಡಕ್ಕೆ ಮರಳುವಾಗ ಗಾಳಿ ಬೆನ್ನಿಗಿತ್ತು. ಪುಟ್ಟಸ್ವಾಮಿಯವರು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದರು. ಕೂಗಿ ಕೂಗಿ ಗಂಟಲು ಕಟ್ಟಿ, ಕಣ್ಣು ಕೆಂಪಾಗಿ, ಮುಖ ಚಿಕ್ಕದಾಗಿತ್ತು. ದೋಣಿಯ ಮೂತಿ ಕೈಗೆ ಸಿಕ್ಕಿದಾಗ ಎರಡೂ ಕೈಯಲ್ಲಿ ತಬ್ಬಿಕೊಂಡಂತೆ ಹಿಡಿದರು. "ನನ್ ಗತಿ ಏನಾಗಬೇಕಿತ್ತು ಏಳು, ನೀನು ಓಗ್ಬುಟ್ಟಿದ್ರೆ?" ಅಂದರು. ಆ ಒಡಕು ದನಿ ಕೇಳಿ ಕಾಮಾಕ್ಷಮ್ಮ ಅವರ ಕೈ ಮೇಲೆ ಕೈಯಿಟ್ಟಳು. ಪಾಪ, ಕೆಟ್ಟ ಮನುಷ್ಯ ಅಲ್ಲವೇ ಅಲ್ಲ.

"ಎಂಗೈತೆ? ಪಾಸಾ, ಫೇಲಾ?" ಎಂದು ಸ್ವಲ್ಪ ಹೊತ್ತಿನ ಮೇಲೆ ಕೇಳಿದರು. ಹೆಂಡತಿ ಹೋಗಿ ಬಂದದ್ದನ್ನು ನೋಡಿದ ಮೇಲೆ ಅವರ ಫೇಲು ಸ್ವಲ್ಪ ಸಡಿಲವಾಗಿತ್ತು. "ನೀನು ಪಾಸು ಅಂದ್ರೆ, ನಾಳೆಯಿಂದ ನಾನೇ ಬತ್ತೀನಿ. ದಿನಾ."

ಬೆಳಿಗ್ಗೆ ಅವಳು ದೇವರಿಗೆ ಕೈಮುಗಿದು ಬೇಡಿಕೊಂಡು ಬಂದ ಮಾತು ಇದೇ. ಈಗ ಬಾಯಿ ತೆರೆದು ಪಾಸು ಅಂದರೆ ಮುಗಿಯಿತು. ಮನೆ, ಅಟ್ಟ, ಡಬ್ಬ ಎಲ್ಲವೂ ನಾಳೆಯಿಂದ ಅವಳದು. ಸೀಟು ಮಾತ್ರ ಅವರದು. ಕಾಮಾಕ್ಷಮ್ಮ ಲೈಫ್ ಜಾಕೆಟ್ಟಿನ ಬಕ್ಕಲು ಬಿಚ್ಚುತ್ತಾ ಗಂಡನ ಮುಖ ನೋಡಿದಳು. ಅವರ ಕಣ್ಣಿನಲ್ಲಿದ್ದ ಹೆದರಿಕೆ ಇನ್ನೂ ಆರಿರಲಿಲ್ಲ.

"ಏನೇಳ್ಲಿ ರೀ," ಎಂದಳು ನಿಟ್ಟುಸಿರು ಬಿಟ್ಟು. "ಬಾಳ ಅಪಾಯ. ನಡುನೀರ್ನಾಗೆ ಎಂಗೆ ಕುಲುಕಾಡ್ತದೆ ಅಂತೀರ! ಗಂಡಸ್ರ ಮೈಭಾರಕ್ಕೆ ಇದು ಆಗ್ಬರಲ್ಲ. ನಿಮ್ಗಂತೂ ಬ್ಯಾಡವೇ ಬ್ಯಾಡ."

ಪುಟ್ಟಸ್ವಾಮಿಯವರ ಮುಖ ಬಿಸಿಲು ಬಿದ್ದ ಅಂಗಳದಂತೆ ಬೆಳಗಿತು. "ನಾನ್ ಅವಾಗ್ಲೇ ಅಂದಿಲ್ವ? ಫೇಲು ಅಂತ? ವಾಪಸ್ ಕಳಿಸ್ಬುಡಣ."

"ಆರ ಕುಂಕುಮ ಕಂಡ ಗಾಡಿನ ಯಾರಾದ್ರೂ ವಾಪಸ್ ಕಳಿಸ್ತಾರಾ? ಲಕ್ಷ್ಮಿ ಅಲ್ವ? ಇಲ್ಲೇ ದ್ಯಾವಣ್ಣನ ಮನೆ ತಾವ ಇರ್ಲಿ. ನಿಂತ ಗಾಡಿ ಕೆಟ್ಟೋಯ್ತದೆ ಅಂತ ನೀವೇ ಅಂತಿದ್ರಿ. ಆವಾಗಾವಾಗ ನಾನೇ ಬಂದು ಒಂದೀಟು ತುಳ್ದು ಓಯ್ತೀನಿ, ಏನ್ ಮಾಡಾದು, ಕರ್ಮ."

"ಪಾಪ, ನಿಂಗ್ಯಾಕೆ ಈ ತೊಂದ್ರೆ," ಎಂದರು ಪುಟ್ಟಸ್ವಾಮಿಯವರು ಮನಃಪೂರ್ವಕವಾಗಿ. "ಮನೆ ಕಡೆ ಯೋಚ್ನೆ ಮಾಡ್ಬ್ಯಾಡ. ನಾನು ನೋಡ್ಕತೀನಿ."

ಕಾಂತರಾಜು ಅಕ್ಕನ ಮುಖ ನೋಡಿ ಏನೋ ಹೇಳಲು ಹೋದ. ಅಕ್ಕ ಕಣ್ಣು ಬಿಟ್ಟಳು. ಅವನು ಹಗ್ಗ ಸುತ್ತಲು ಶುರು ಮಾಡಿದ.

ಆಮೇಲಿನ ಸೋಮವಾರ ಬೆಳಿಗ್ಗೆ ಹೊಳೆನರಸೀಪುರದ ಆ ಅಡುಗೆಮನೆಯಲ್ಲಿ ಡಬ್ಬಗಳೆಲ್ಲ ಜಾಗ ಬದಲಾಯಿಸಿದ್ದವು. ಪುಟ್ಟಸ್ವಾಮಿಯವರು ಸೊಂಟಕ್ಕೆ ಟವೆಲು ಕಟ್ಟಿಕೊಂಡು ಚಿತ್ರಾನ್ನ ಕಲಸಿ, ಹೆಂಡತಿಗೆ ಬುತ್ತಿ ಕಟ್ಟಿ, ಅವಳನ್ನು ಬಸ್ ನಿಲ್ದಾಣದವರೆಗೂ ಬಿಡಲು ಬಂದರು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಸೀಟು ಸಿಗುವುದು ಕಷ್ಟ. ಆದರೂ ಹಳೆಯ ಕಂಟ್ರೋಲರ್ ಹೆಂಡತಿಗೆ ಕಿಟಕಿಯ ಪಕ್ಕದ್ದೇ ಸಿಕ್ಕಿತು. ಬಸ್ಸು ಹೊರಡುವ ಹೊತ್ತಿಗೆ ಅವರು ಕಿಟಕಿಯ ಸರಳು ಹಿಡಿದುಕೊಂಡು, ಅಕ್ಕಿ ತೊಳೆದಿಡುವ ಹೊತ್ತನ್ನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾ ಕೇಳಿದರು.

"ಸಾಯಂಕಾಲ ಎಷ್ಟೊತ್ತಿಗೆ ಬತ್ತೀಯ?"

ಕಾಮಾಕ್ಷಮ್ಮ ಬುತ್ತಿಯನ್ನು ಮಡಿಲಲ್ಲಿ ಸರಿಯಾಗಿ ಇಟ್ಟುಕೊಂಡಳು.

"ಗಾಳಿ ನೋಡ್ಕಂಡು," ಅಂದಳು.